ಗ್ಯಾಲಕ್ಸಿಗೊಂದು ತಪ್ಪಿನ ಮಿರ್ಚಿ

ಮೊದಲೇ ಹೇಳಿಬಿಡುತ್ತೇನೆ, ಇಷ್ಟು ವರ್ಷದ ನೌಕರಿಯಲ್ಲಿ ನಾನು ಒಂದೇ ಒಂದು ಸಲವೂ ದೂರದರ್ಶಕಕ್ಕೆ ಕಣ್ಣಿಟ್ಟವಳಲ್ಲ. ನಕ್ಷತ್ರಗಳಿಗಾಗಿ ನಿದ್ದೆಗೆಟ್ಟವಳಂತೂ ಅಲ್ಲವೇ ಅಲ್ಲ. ಬೆಳಿಗ್ಗೆ ಒಂಬತ್ತೂವರೆಗೆ ಕುಂದಲಹಳ್ಳಿಯ ಆಫೀಸಿಗೆ ಹೋಗಿ, ಚಪ್ಪಲಿ ಬಿಟ್ಟು, ಕಂಪ್ಯೂಟರ್ ಮುಂದೆ ಕೂತು, ಮಧ್ಯಾಹ್ನ ಡಬ್ಬಿ ಬಿಚ್ಚಿ ಚಿತ್ರಾನ್ನ ತಿಂದು, ಸಂಜೆ ಐದೂವರೆಗೆ ಬ್ರೂಕ್‌ಫೀಲ್ಡಿನ ಮನೆಗೆ ನಡೆದು ಬರುತ್ತಿದ್ದೆ. ಇವೆರಡರ ನಡುವೆ ಇಪ್ಪತ್ತೋ ಮೂವತ್ತೋ ಗ್ಯಾಲಕ್ಸಿಗಳನ್ನು ನೋಡಿ, ಇದು ಇಂಥದ್ದು ಎಂದು ಷರಾ ಬರೆದಿರುತ್ತಿದ್ದೆ.

ಈ ಕೆಲಸಕ್ಕೆ ಹೊಸದಾಗಿ ಸೇರಿರುವ ಹುಡುಗ ಹುಡುಗಿಯರು "ವಿಮಲಾ ಮೇಡಂ, ನಿಮ್ ಅನುಭವ ಬರೆದುಕೊಡಿ" ಎಂದು ದುಂಬಾಲು ಬಿದ್ದಿದ್ದಾರೆ. ಬರೆಯುತ್ತೇನೆ. ಆದರೆ ನನಗೆ ಯಾವಾಗ ಬಡ್ತಿ ಸಿಕ್ಕಿತು, ಯಾರು ಶಾಲು ಹೊದಿಸಿದರು ಎಂಬುದೆಲ್ಲ ಯಾರಿಗೆ ಬೇಕು? ನಿವೃತ್ತಿಗೆ ಒಂದು ದಿನ ಇದ್ದಾಗ ನನ್ನದೇ ಒಂದು ಘನಂದಾರಿ ತಪ್ಪು ನನಗೆ ಸಿಕ್ಕಿತು. ಅದನ್ನು ಕಟ್ಟಿಕೊಂಡು ಅರ್ಧ ಬೆಂಗಳೂರು ದಾಟಿ ಓಡಿದೆ. ಹೇಳುವುದಾದರೆ ಅದನ್ನೇ ಹೇಳಬೇಕು. ಅದಕ್ಕೆ ಮುಂಚೆ ಸ್ವಲ್ಪ ಪೀಠಿಕೆ ಹಾಕುತ್ತೇನೆ, ಸಹಿಸಿಕೊಳ್ಳಿ.

ನನ್ನ ಮೊದಲ ಕೆಲಸ ಪೀಣ್ಯದ ಒಂದು ಎರಕದ ಕಾರ್ಖಾನೆಯ ಲ್ಯಾಬಿನಲ್ಲಿ. ಕುಲುಮೆಯಿಂದ ತಂದ ಉಕ್ಕಿನ ತುಂಡನ್ನು ಯಂತ್ರದಲ್ಲಿಟ್ಟು ಕಿಡಿ ಹಾರಿಸಬೇಕು. ಆ ಕಿಡಿಯ ಬೆಳಕನ್ನು ಯಂತ್ರ ಕಾಮನಬಿಲ್ಲಿನ ಹಾಗೆ ಬಿಡಿಸಿ ಹರಡುತ್ತದೆ. ಈ ಹರವಿಗೆ ಪುಸ್ತಕದಲ್ಲಿ ರೋಹಿತ ಎಂದು ಹೆಸರು, ನಮ್ಮ ಬಾಯಲ್ಲಿ ಸ್ಪೆಕ್ಟ್ರಮ್. ಅದರಲ್ಲಿ ಒಂದೊಂದು ಧಾತುವಿಗೂ ಗೊತ್ತಾದ ಜಾಗದಲ್ಲಿ ಗೆರೆಗಳು ಇರುತ್ತವೆ. ಕಬ್ಬಿಣದ್ದು ಇಲ್ಲಿ, ಮ್ಯಾಂಗನೀಸಿನದು ಅಲ್ಲಿ. ಕರಗಿದ ಲೋಹ ಆರುವುದರೊಳಗೆ ಓದಿ ಹೇಳಬೇಕು. ಫೋರ್‌ಮನ್ ಬಾಗಿಲಲ್ಲಿ ನಿಂತು "ಬೇಗ ಹೇಳಮ್ಮಾ, ಆರೋಗ್ತಾ ಇದೆ!" ಎಂದು ಪ್ರಾಣ ತಿನ್ನುತ್ತಿದ್ದ.

ಯಂತ್ರ ಹಳೆಯದು. ನಿಜವಾದ ಗೆರೆಗಳ ಜೊತೆಗೆ ಆಗೀಗ ಸುಳ್ಳು ಗೆರೆಯನ್ನೂ ಎಬ್ಬಿಸುತ್ತಿತ್ತು. ಸೂಜಿಯಂತೆ ನೆಟ್ಟಗೆ ಏಳುವ ಅದಕ್ಕೆ ನಾವು ಮುಳ್ಳು ಎನ್ನುತ್ತಿದ್ದೆವು. ನೋಡಿದ ಕೂಡಲೇ ಮುಳ್ಳು ಯಾವುದು, ಗೆರೆ ಯಾವುದು ಎಂದು ಹೇಳುವುದರಲ್ಲಿ ಇಡೀ ಪೀಣ್ಯದಲ್ಲಿ ನನ್ನನ್ನು ಮೀರಿಸಿದವರಿರಲಿಲ್ಲ. ಇದನ್ನು ಹೇಳಿದವಳು ನಾನೇ, ಆದರೂ ನಿಜ. ಆ ಜಂಬ ಮುಂದೆ ನನಗೆ ಏನು ಮಾಡಿತು ಎಂಬುದೇ ಈ ಕಥೆ.

ಕಾರ್ಖಾನೆ ಹೊಸ ಯಂತ್ರ ತಂದು ಲ್ಯಾಬು ಮುಚ್ಚಿತು. ಸ್ಪೆಕ್ಟ್ರಮ್ ಓದಲು ಬರುವವರು ಬೇಕಾಗಿದ್ದಾರೆ ಎಂಬ ಜಾಹೀರಾತು ನೋಡಿ ಕುಂದಲಹಳ್ಳಿಗೆ ಬಂದೆ. ಸಂದರ್ಶನಕ್ಕೆ ಕೂತಿದ್ದವರು ಮೂರ್ತಿ ಸಾರ್, ಆಮೇಲೆ ಇಷ್ಟೂ ವರ್ಷ ನನ್ನ ಮೇಲಧಿಕಾರಿಯಾದವರು. ತೆಳ್ಳಗಿನ ಮನುಷ್ಯ, ಬಾಯಲ್ಲಿ ಸದಾ ಒಂದು ಪೆನ್ಸಿಲು. ಒಂದು ಕಾಗದ ನನ್ನ ಮುಂದೆ ತಳ್ಳಿ, ಏನು ಕಾಣುತ್ತದೆ ಹೇಳಿ ಎಂದರು. ನಾನು ಕನ್ನಡಕ ಏರಿಸಿ ನೋಡಿದೆ. ಕ್ಯಾಲ್ಸಿಯಂನ ಜೋಡಿ ಗೆರೆ ಪರಿಚಯದ ಮುಖದ ಹಾಗೆ ಕಂಡಿತು, ಸೋಡಿಯಂ ಕಂಡಿತು. ಆದರೆ ಒಂದೂ ಅದರದರ ಜಾಗದಲ್ಲಿರಲಿಲ್ಲ. ಎಲ್ಲವೂ ಒಟ್ಟಾಗಿ ಕೆಂಪಿನ ಕಡೆಗೆ ಸರಿದು ಕೂತಿದ್ದವು.

"ಸಾರ್, ನಿಮ್ ಮಷೀನ್ ಕೆಟ್ಟೋಗಿದೆ," ಎಂದೆ. "ಎಲ್ಲಾ ಗೆರೆ ಸರ್ಕೊಂಡ್ಬಿಟ್ಟಿದೆ. ಸರ್ವಿಸ್‌ನೋರಿಗೆ ಫೋನ್ ಮಾಡಿ."

ಮೂರ್ತಿ ಸಾರ್ ಬಾಯಿಂದ ಪೆನ್ಸಿಲು ಕೆಳಗೆ ಬಿತ್ತು. "ಮಷೀನ್ ಕೆಟ್ಟಿಲ್ಲಮ್ಮ. ಅದೊಂದು ಗ್ಯಾಲಕ್ಸಿ. ನಮ್ಮಿಂದ ದೂರ ಓಡ್ತಾ ಇದೆ, ಅದಕ್ಕೇ ಗೆರೆ ಸರ್ದಿರೋದು."

"ಎಷ್ಟು ಜೋರಾಗಿ ಓಡ್ತಿದೆ?"

"ನೀವೇ ಹೇಳಿ. ಗೆರೆ ಎಷ್ಟು ಸರ್ದಿದೆ ಅಂತ ಅಳೆದ್ರೆ ಗೊತ್ತಾಗತ್ತೆ."

ಅಳೆದೆ. ಅವರು ಹೇಳಿಕೊಟ್ಟ ಹಾಗೆ ಗುಣಿಸಿದೆ. ಸೆಕೆಂಡಿಗೆ ಸಾವಿರಾರು ಕಿಲೋಮೀಟರ್ ಬಂತು. ಪೀಣ್ಯದಿಂದ ಕುಂದಲಹಳ್ಳಿಗೆ ಎರಡು ಬಸ್ಸು ಬದಲಾಯಿಸಿ ಎರಡೂವರೆ ಗಂಟೆಯಲ್ಲಿ ಬಂದಿದ್ದವಳಿಗೆ ನಗು ತಡೆಯಲಾಗಲಿಲ್ಲ. ಜೋರಾಗಿ ನಕ್ಕುಬಿಟ್ಟೆ. ಸಂದರ್ಶನದಲ್ಲಿ ಹಾಗೆ ನಗಬಾರದು ಎಂದು ಹೊಳೆಯುವಷ್ಟರಲ್ಲಿ ಮೂರ್ತಿ ಸಾರ್ ಕೂಡ ನಗುತ್ತಿದ್ದರು. ಮರುದಿನವೇ ಸೇರಿಕೊಂಡೆ.

ಕೆಲಸ ಏನೆಂದರೆ, ಎಲ್ಲೋ ದೂರದ ಗ್ಯಾಲಕ್ಸಿಯೊಂದರಲ್ಲಿ ಒಂದು ನಕ್ಷತ್ರ ಸಿಡಿದು ಸಾಯುತ್ತದೆ. ಅದೇ ಸೂಪರ್‌ನೋವಾ. ದೇಶದೇಶಗಳ ದೂರದರ್ಶಕಗಳು ಅದರ ಬೆಳಕನ್ನೂ ಅದು ಇದ್ದ ಗ್ಯಾಲಕ್ಸಿಯ ಬೆಳಕನ್ನೂ ಹಿಡಿದು ನಮಗೆ ಕಳುಹಿಸುತ್ತವೆ. ಸತ್ತ ನಕ್ಷತ್ರ ಎಂಥ ಮನೆಯದು ಎಂದು ನಾವು ಹೇಳಬೇಕು. ಗ್ಯಾಲಕ್ಸಿಯಲ್ಲಿ ಹೊಸ ನಕ್ಷತ್ರಗಳು ಹುಟ್ಟುತ್ತಿದ್ದರೆ ಸ್ಪೆಕ್ಟ್ರಮ್ಮಿನ ಕೆಂಪು ಭಾಗದಲ್ಲಿ ಜಲಜನಕದ ಒಂದು ಗೆರೆ ಎದ್ದು ನಿಲ್ಲುತ್ತದೆ. ಹುಟ್ಟು ನಿಂತುಹೋಗಿದ್ದರೆ ಆ ಗೆರೆ ಇರುವುದಿಲ್ಲ. ಇವಕ್ಕೆ ಇಂಗ್ಲಿಷಿನಲ್ಲಿ ಉದ್ದುದ್ದ ಹೆಸರುಗಳಿವೆ. ನಮ್ಮ ಕೋಣೆಯಲ್ಲಿ ಮೊದಲನೆಯದು ಬಾಣಂತಿ, ಎರಡನೆಯದು ಅಜ್ಜಿ. ಹೆಸರಿಟ್ಟವಳು ನನ್ನ ಪಕ್ಕದ ಮೇಜಿನ ಸರೋಜ. ಗಟ್ಟಿ ದನಿಯವಳು. ದಿನವಿಡೀ "ಮೇಡಂ, ಇನ್ನೊಂದ್ ಬಾಣಂತಿ!" ಎಂದು ಕೂಗುತ್ತಿದ್ದಳು. ಕಟ್ಟಡದ ಮಾಲೀಕರಾದ ಮುನಿಯಪ್ಪನವರು ಒಮ್ಮೆ ಮಹಡಿ ಹತ್ತಿ ಬಂದು ಎಲ್ಲ ಕಡೆ ಕಣ್ಣಾಡಿಸಿದರು. "ನಕ್ಸತ್ರ ನೋಡೋರು ಅಂತ ಬಾಡ್ಗೆಗ್ ಬಂದ್ರಿ. ಒಂದ್ ದುರ್ಬೀನೂ ಇಲ್ಲ. ಬಾಣಂತಿ ಬಾಣಂತಿ ಅಂತ ಕೂಗ್ತೀರ. ಇಲ್ಲಿ ಅದೇನ್ ನಡೀತದೆ ಏಳಿ ಮೂರ್ತಿಯೋರೇ," ಎಂದರು. ಅವರನ್ನು ಸಮಾಧಾನ ಮಾಡಲು ಎರಡು ಲೋಟ ಕಾಫಿ ಬೇಕಾಯಿತು.

ನಮ್ಮಲ್ಲಿ ಎರಡು ಕಟ್ಟಳೆ ಇದ್ದವು. ಮೊದಲನೆಯದು, ಪ್ರತಿ ಷರಾಕ್ಕೂ ಇಬ್ಬರ ಸಹಿ. ಒಬ್ಬರು ಓದಿದ್ದನ್ನು ಇನ್ನೊಬ್ಬರು ಮೂಲದಿಂದ ಮತ್ತೆ ನೋಡಬೇಕು. ಮೂಲ ಎಂದರೆ ಕ್ಯಾಮೆರಾದಿಂದ ಬಂದ ಕಚ್ಚಾ ಚಿತ್ರ. ಅದನ್ನು ಒರೆಸಿ ತೊಳೆದ ಮೇಲೆ ಸಿಗುವುದು ನಾವು ಓದುವ ಗ್ರಾಫು. ಯಾರು ಏನೇ ತಂದು ತೋರಿಸಿದರೂ ಮೂರ್ತಿ ಸಾರ್ ಪೆನ್ಸಿಲಿನ ಸಂದಿಯಿಂದ ಕೇಳುತ್ತಿದ್ದುದು ಒಂದೇ ಮಾತು: "ಕಚ್ಚಾ ನೋಡಿದ್ರಾ?"

ಎರಡನೆಯದು ತಪ್ಪಿನ ಮಿರ್ಚಿ. ಆಫೀಸಿನ ಕೆಳಗೆ ತಳ್ಳುಗಾಡಿಯಲ್ಲಿ ಗಿರಿಜಕ್ಕ ಮಿರ್ಚಿ ಭಜಿ ಕರಿಯುತ್ತಿದ್ದಳು. ಗದಗಿನ ಕಡೆಯವಳು, ಗಂಡ ಗಾರೆ ಕೆಲಸಕ್ಕೆ ಹೋಗುತ್ತಿದ್ದ. ಯಾರದಾದರೂ ಷರಾ ತಪ್ಪು ಎಂದು ಗೊತ್ತಾದರೆ ಅವರೇ ಹೋಗಿ ಎಲ್ಲರಿಗೂ ಮಿರ್ಚಿ ತರಬೇಕು. ಎಲ್ಲರೂ ತಿನ್ನುತ್ತಿರುವಾಗ ನಿಂತುಕೊಂಡು, ಏನು ತಪ್ಪಾಯಿತು, ಯಾಕಾಯಿತು ಎಂದು ಬಾಯಿಬಿಟ್ಟು ಹೇಳಬೇಕು. ಯಾರೂ ಬೈಯುವಂತಿಲ್ಲ. ಬಾಯಿ ತುಂಬ ಖಾರ ಇದ್ದಾಗ ಬೈಯಲು ಆಗುವುದೂ ಇಲ್ಲ. ಮಿರ್ಚಿ ಮುಗಿದರೆ ತಪ್ಪೂ ಮುಗಿಯಿತು. ನಮ್ಮ ಕೈಯಲ್ಲಿ ದೊಡ್ಡದೊಂದು ಖಾಲಿ ಕಾಗದದ ಚೀಲ ಕಂಡರೆ ಗಿರಿಜಕ್ಕನಿಗೆ ಗೊತ್ತಾಗಿಬಿಡುತ್ತಿತ್ತು. "ಇವತ್ತ ಯಾರ ತಪ್ಪ ಮಾಡ್ಯಾರ್ರೀ ಬಾಯಾರ? ಸಣ್ಣ ತಪ್ಪೋ, ದೊಡ್ಡದೋ?" ಎಂದು ಕೇಳಿ, ದೊಡ್ಡದಾದರೆ ಹುಡುಕಿ ಹುಡುಕಿ ಖಾರದ ಮೆಣಸಿನಕಾಯಿಯನ್ನೇ ಹಿಟ್ಟಿಗೆ ಅದ್ದುತ್ತಿದ್ದಳು.

ಸರೋಜಳ ಮಿರ್ಚಿಗೆ ಲೆಕ್ಕವಿಲ್ಲ. ಒಂದು ಸಲ ಮೂರು ದಿನ ಸತತವಾಗಿ ಬಂದ ಗ್ಯಾಲಕ್ಸಿಗೆಲ್ಲ ಬಾಣಂತಿ ಎಂದು ಬರೆದಳು. ಎಲ್ಲದರಲ್ಲೂ ಒಂದೇ ಜಾಗದಲ್ಲಿ ಒಂದೇ ಕೆಂಪು ಗೆರೆ. ಎಲ್ಲ ಗ್ಯಾಲಕ್ಸಿಗಳೂ ಬೇರೆ ಬೇರೆ ವೇಗದಲ್ಲಿ ಓಡುತ್ತಿರುವಾಗ ಗೆರೆ ಒಂದೇ ಜಾಗದಲ್ಲಿ ಹೇಗಿರುತ್ತದೆ? ಅದು ಗ್ಯಾಲಕ್ಸಿಯದಲ್ಲ, ನಮ್ಮದೇ ಆಕಾಶದ ಆಮ್ಲಜನಕದ ಬೆಳಕು. "ನಮ್ ತಲೆ ಮೇಲಿರೋ ಗಾಳಿಗೇ ಬಾಣಂತನ ಮಾಡಿದ್ದೀನಿ ಕಣ್ರೀ," ಎಂದು ಅವಳು ನಿಂತು ಹೇಳಿದಾಗ ಮೂರ್ತಿ ಸಾರ್‌ಗೆ ನೆತ್ತಿಗೆ ಹತ್ತಿ ನೀರು ಕುಡಿಸಬೇಕಾಯಿತು. ಅವರೇನೂ ಕಡಿಮೆಯವರಲ್ಲ. ಒಮ್ಮೆ ಸೂಪರ್‌ನೋವಾದ ಪಕ್ಕದಲ್ಲಿ ಕಂಡ ಗ್ಯಾಲಕ್ಸಿಯೇ ಅದರ ಮನೆ ಎಂದು ಬರೆದುಬಿಟ್ಟರು. ನೋಡಿದರೆ ಆ ಗ್ಯಾಲಕ್ಸಿ ಎಷ್ಟೋ ಹಿಂದೆ, ಎಷ್ಟೋ ದೂರದಲ್ಲಿತ್ತು. ಮದುವೆ ಮನೆಯ ಫೋಟೋದಲ್ಲಿ ಪಕ್ಕದಲ್ಲಿ ನಿಂತವರನ್ನೆಲ್ಲ ಅಪ್ಪ ಅಮ್ಮ ಅಂದುಕೊಂಡ ಹಾಗೆ. ಅವರೂ ಕೆಳಗಿಳಿದು ಹೋಗಿ ಮಿರ್ಚಿ ತಂದರು.

ತರದೆ ಉಳಿದವಳು ನಾನೊಬ್ಬಳೇ. ಕಾಗದದ ಮೇಲೆ ಅಡಿಪಟ್ಟಿ ಇಟ್ಟು ಅಳೆಯುತ್ತಿದ್ದ ಕಾಲದಿಂದ ಹಿಡಿದು, ಪರದೆಯ ಮೇಲೆ ಬೆರಳಾಡಿಸುವ ಕಾಲದವರೆಗೆ ಒಂದು ಮಿರ್ಚಿಯೂ ನನ್ನ ಲೆಕ್ಕಕ್ಕೆ ಬಿದ್ದಿರಲಿಲ್ಲ. ಕೊನೆಕೊನೆಗೆ ತಾನೇ ಗ್ಯಾಲಕ್ಸಿ ವಿಂಗಡಿಸುವ ಸಾಫ್ಟ್‌ವೇರ್ ಬಂತು. ಅದು ಏನು ಹೇಳಿದರೂ ದೊಡ್ಡವರೆಲ್ಲ ತಲೆಯಾಡಿಸುತ್ತಿದ್ದರು, ಎದುರಾಡಲು ಯಾರಿಗೂ ಧೈರ್ಯವಿಲ್ಲ. ಅದಕ್ಕೇ ನಾನೂ ಸರೋಜಳೂ ಅದಕ್ಕೆ ಅಳಿಯಂದಿರು ಎಂದು ಹೆಸರಿಟ್ಟೆವು. ಅಳಿಯಂದಿರು ತಪ್ಪಿದಾಗಲೆಲ್ಲ ನಾನೇ ಮೊದಲು ಹಿಡಿದು ಕುಣಿಯುತ್ತಿದ್ದೆ. ನಿವೃತ್ತಿ ದಿನ ನನಗೆ ಕೊಡಲು 'ಮಿರ್ಚಿ ತರದ ಮೇಡಂ' ಎಂದು ಬರೆದ ಫಲಕವನ್ನು ಸರೋಜ ಗುಟ್ಟಾಗಿ ಮಾಡಿಸಿದ್ದಳು. ಅವಳ ಗುಟ್ಟು ಮೂರು ಮಹಡಿಗೂ ಕೇಳಿಸುತ್ತಿತ್ತು.

ಈಗ ತಬಸ್ಸುಮ್ ವಿಷಯಕ್ಕೆ ಬರುತ್ತೇನೆ. ನಮ್ಮಲ್ಲಿಗೆ ಸಂಶೋಧನೆಗೆ ಬಂದಿದ್ದ ಕೋಲಾರದ ಹುಡುಗಿ. ಮಾತು ಚುರುಕು, ಬುದ್ಧಿ ಅದಕ್ಕಿಂತ ಚುರುಕು. ಅವಳು ಹಿಂದೆ ಬಿದ್ದಿದ್ದ ಸೂಪರ್‌ನೋವಾ ದೊಡ್ಡ ನಕ್ಷತ್ರದ್ದು. ಅಂಥ ನಕ್ಷತ್ರಗಳಿಗೆ ಆಯುಸ್ಸು ಕಡಿಮೆ. ಹುಟ್ಟಿದ ಮನೆ ಬಿಟ್ಟು ಕದಲುವ ಮುಂಚೆಯೇ ಸಿಡಿದುಹೋಗುತ್ತವೆ. ಹಾಗಾಗಿ ಅವು ಬಾಣಂತಿಯ ಮನೆಯಲ್ಲೇ ಸಿಗಬೇಕು. ಆದರೆ ಇದು ಸಿಕ್ಕಿದ್ದು ಅಜ್ಜಿಯ ಮನೆಯಲ್ಲಿ. ಆ ಗ್ಯಾಲಕ್ಸಿಗೆ ಅಜ್ಜಿ ಎಂದು ಬರೆದವಳು ನಾನು. ಅಳಿಯಂದಿರು ಸಂದೇಹದ ಗುರುತು ಹಾಕಿದ್ದರು, ನಾನು ಅದನ್ನು ಹೊಡೆದು ಹಾಕಿದ್ದೆ. ಎರಡನೆಯ ಸಹಿ ತಬಸ್ಸುಮಳದು.

ಮಕ್ಕಳೇ ಇಲ್ಲದ ಮನೆಯಲ್ಲಿ ಎಳೆ ಮಗುವೊಂದು ಎಲ್ಲಿಂದ ಬಂತು? ಈ ಒಗಟಿನ ಮೇಲೆ ಅವಳು ಒಂದು ವರ್ಷ ಕೆಲಸ ಮಾಡಿದಳು. ನನ್ನ ನಿವೃತ್ತಿಯ ಹಿಂದಿನ ದಿನ, ಶುಕ್ರವಾರ ಮಧ್ಯಾಹ್ನ ಎರಡೂವರೆಗೆ, ಎಲೆಕ್ಟ್ರಾನಿಕ್ ಸಿಟಿಯ ಒಂದು ಕ್ಯಾಂಪಸ್ಸಿನ ಸಭಾಂಗಣದಲ್ಲಿ ಅವಳ ಭಾಷಣ ಇತ್ತು. ದೊಡ್ಡ ದೂರದರ್ಶಕದ ಸಮಯ ಹಂಚುವವರು ಹೊರದೇಶದಿಂದ ಬಂದಿದ್ದರು. ಅವರು ಒಪ್ಪಿದರೆ ಅವಳ ಕೆಲಸ ಮುಂದುವರಿಯುತ್ತದೆ. ತಪ್ಪು ಹೇಳಿ, ಅದು ಮುಂದೆ ಬಯಲಾದರೆ, ಮತ್ತೆ ಅವಳ ಮಾತನ್ನು ಯಾರೂ ನಂಬುವುದಿಲ್ಲ. ನಮ್ಮ ಕ್ಷೇತ್ರ ಚಿಕ್ಕದು, ಸುದ್ದಿ ಗ್ಯಾಲಕ್ಸಿಗಳಿಗಿಂತ ಜೋರಾಗಿ ಓಡುತ್ತದೆ.

ಆ ಶುಕ್ರವಾರ ಬೆಳಿಗ್ಗೆ ಮೂರ್ತಿ ಸಾರ್ ಮತ್ತು ತಬಸ್ಸುಮ್ ಬೇಗನೇ ಹೊರಟುಹೋಗಿದ್ದರು. ನಾನು ಹೊಸಬರಿಗೆಂದು ಒಂದು ಕೈಪಿಡಿ ತಯಾರಿಸುತ್ತಿದ್ದೆ. ಮುಳ್ಳು ತೆಗೆಯುವುದು ಹೇಗೆ ಎಂಬುದು ಅದರ ಮುಖ್ಯ ಅಧ್ಯಾಯ. ಇಲ್ಲೂ ಮುಳ್ಳುಗಳಿವೆ ನೋಡಿ, ಬಾಹ್ಯಾಕಾಶದಿಂದ ಬಂದ ಯಾವುದೋ ಕಣ ಕ್ಯಾಮೆರಾಕ್ಕೆ ಬಡಿದರೆ ಗ್ರಾಫಿನಲ್ಲಿ ಸೂಜಿ ಏಳುತ್ತದೆ. ಸಾಮಾನ್ಯವಾಗಿ ಎರಡು ಮೂರು ಸಲ ಚಿತ್ರ ತೆಗೆದು ಹೋಲಿಸಿದರೆ ಮುಳ್ಳು ಒಂದರಲ್ಲಿ ಮಾತ್ರ ಇರುತ್ತದೆ, ನಿಜವಾದ ಗೆರೆ ಎಲ್ಲದರಲ್ಲೂ ಇರುತ್ತದೆ. ತಬಸ್ಸುಮಳ ಗ್ಯಾಲಕ್ಸಿಗೆ ಸಿಕ್ಕಿದ್ದು ಒಂದೇ ಚಿತ್ರ, ಎರಡನೆಯದಕ್ಕೆ ಮೋಡ ಕವಿದಿತ್ತು. ಆದರೂ ವಿಮಲಾ ಮೇಡಂ ಕಣ್ಣು ಒಂದೇ ನೋಟಕ್ಕೆ ಮುಳ್ಳನ್ನು ಹೇಗೆ ಹಿಡಿಯಿತು ಎಂದು ತೋರಿಸಲು ಅದೇ ಒಳ್ಳೆಯ ಉದಾಹರಣೆ ಎಂದುಕೊಂಡೆ. ಅಂದ ಹೆಚ್ಚಲಿ ಎಂದು ಪಕ್ಕದಲ್ಲಿ ಹಾಕಲು ಕಚ್ಚಾ ಚಿತ್ರ ತೆರೆದೆ.

ತೆರೆದು, ದೊಡ್ಡದು ಮಾಡಿ, ಹಾಗೇ ಕೂತುಬಿಟ್ಟೆ.

ಮುಳ್ಳು ಎಂದರೆ ಕಚ್ಚಾದಲ್ಲಿ ಚೂಪು ಅಂಚಿನ ಚುಕ್ಕೆಯಾಗಿಯೋ ಗೀರಾಗಿಯೋ ಇರಬೇಕು. ನಾನು ಮುಳ್ಳೆಂದು ಗ್ರಾಫಿನಿಂದ ಕಿತ್ತಿದ್ದ ಇದರ ಅಂಚು ಮೆತ್ತಗಿತ್ತು. ಗ್ಯಾಲಕ್ಸಿಯ ಈ ತುದಿಯಿಂದ ಆ ತುದಿಯವರೆಗೂ ಚಾಚಿತ್ತು. ಅಷ್ಟೇ ಅಲ್ಲ, ಓರೆಯಾಗಿತ್ತು. ಗ್ಯಾಲಕ್ಸಿ ತಿರುಗುವಾಗ ಒಂದು ತುದಿ ನಮ್ಮ ಕಡೆ ಬರುತ್ತದೆ, ಇನ್ನೊಂದು ತುದಿ ದೂರ ಹೋಗುತ್ತದೆ. ಅದಕ್ಕೇ ಗೆರೆ ಓರೆಯಾಗುತ್ತದೆ. ನಾನು ಕಿತ್ತು ಬಿಸಾಕಿದ್ದು ಮುಳ್ಳಲ್ಲ, ಜಲಜನಕದ ಗೆರೆ. ಹೆಚ್ಚುಕಮ್ಮಿ ಖಚಿತವಾಗಿ. ತುಂಬು ಬಾಣಂತಿಗೆ ನಾನು ಅಜ್ಜಿ ಎಂದು ಷರಾ ಬರೆದಿದ್ದೆ.

ಸುಳ್ಳು ಯಾಕೆ ಹೇಳಲಿ, ಮೊದಲು ಹೊಳೆದದ್ದು ತಬಸ್ಸುಮ್ ಅಲ್ಲ, ಆ ಫಲಕ. ಇನ್ನೊಂದೇ ದಿನ. ಚಿತ್ರ ಮುಚ್ಚಿಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ. ಮುಚ್ಚಿಯೂ ಬಿಟ್ಟೆ. ಒಂದು ಲೋಟ ನೀರು ಕುಡಿದೆ. ಆಮೇಲೆ ತಬಸ್ಸುಮ್ ಹಿಂದಿನ ದಿನ ಭಾಷಣ ಅಭ್ಯಾಸ ಮಾಡುವಾಗ ಹೇಳಿದ ಮಾತು ನೆನಪಾಯಿತು: "ಗ್ಯಾಲಕ್ಸಿ ಬಗ್ಗೆ ಯಾರಾದ್ರೂ ಡೌಟ್ ಕೇಳಿದ್ರೆ, ನಮ್ ವಿಮಲಾ ಮೇಡಂ ನೋಡಿದಾರೆ ಅಂತೀನಿ, ಅಷ್ಟೇ." ನನಗೆ ನಾಚಿಕೆಯಾಯಿತು. ಎದ್ದು ನಿಂತು, "ಸರೋಜಾ, ನನ್ದೊಂದು ತಪ್ಪಾಗಿದೆ," ಎಂದೆ.

ಸರೋಜ ಕುರ್ಚಿಯಿಂದ ಎಗರಿದಳು. "ಏನಂದ್ರೀ? ಇನ್ನೊಂದ್ಸಲ ಹೇಳಿ! ಅಯ್ಯೋ ನಮ್ಮಪ್ಪಾ! ಕೊನೆಗೂ!" ಎಂದು ಚಪ್ಪಾಳೆ ತಟ್ಟಿ ಒಂದು ಸುತ್ತು ತಿರುಗಿದಳು. ಯಾವ ಗ್ಯಾಲಕ್ಸಿ ಎಂದು ಹೇಳಿದೊಡನೆ ಅವಳ ಕೈ ಗಾಳಿಯಲ್ಲೇ ನಿಂತಿತು. ಗಡಿಯಾರ ನೋಡಿದಳು. ಹನ್ನೆರಡು ದಾಟಿತ್ತು. ತಬಸ್ಸುಮಳ ಫೋನು ಆಫ್. ಮೂರ್ತಿ ಸಾರ್ ಅವರದೂ ಆಫ್. ಆ ಕ್ಯಾಂಪಸ್ಸಿನಲ್ಲಿ ಹೊರಗಿನವರು ಫೋನನ್ನು ಗೇಟಿನಲ್ಲೇ ಕೊಟ್ಟು ಒಳಗೆ ಹೋಗಬೇಕು.

"ನಾನ್ ಹೋಗ್ತೀನಿ," ಎಂದೆ.

"ಹೋಗಿ ಮೇಡಂ, ಓಡಿ! ನಾನು ಫೋನ್ ಮಾಡ್ತಾನೇ ಇರ್ತೀನಿ. ಮಿರ್ಚಿ ಮರೀಬೇಡಿ!"

"ಈಗಲೂ ಮಿರ್ಚಿನಾ?"

"ಕಟ್ಟಳೆ ಅಂದ್ರೆ ಕಟ್ಟಳೆ ಕಣ್ರೀ. ಬರೀ ಕೈಲಿ ತಪ್ಪು ಹೇಳ್ತೀರಾ?"

ಕಚ್ಚಾ ಚಿತ್ರವನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಕೆಳಗೆ ಓಡಿದೆ. ಗಿರಿಜಕ್ಕ ನನ್ನ ಕೈಯಲ್ಲಿನ ಖಾಲಿ ಚೀಲ ನೋಡಿ ಜಾಲರಿ ಸೌಟು ಎತ್ತಿ ನಿಂತಳು. "ನಿಮ್ದಾ? ನಿಮ್ದೇನ್ರೀ ಬಾಯಾರ?" ಎಂದಳು. ತಲೆಯಾಡಿಸಿದೆ. "ಸಣ್ಣದೋ ದೊಡ್ಡದೋ?" "ಇದಕ್ಕಿಂತ ದೊಡ್ಡದು ಇಲ್ಲ ಗಿರಿಜಕ್ಕ." ಬಾಣಲೆಗೆ ಅವಳು ಆರಿಸಿ ಹಾಕಿದ ಮೆಣಸಿನಕಾಯಿಗಳನ್ನು ನೋಡಿಯೇ ನನ್ನ ಕಣ್ಣಲ್ಲಿ ನೀರು ಬಂತು.

ಆಟೊದವನಿಗೆ ಎರಡೂವರೆಯೊಳಗೆ ಎಲೆಕ್ಟ್ರಾನಿಕ್ ಸಿಟಿ ಎಂದೆ. ಅವನು ನನ್ನನ್ನು ಕನ್ನಡಿಯಲ್ಲಿ ಕನಿಕರದಿಂದ ನೋಡಿದ. "ಇವತ್ತಿಂದು ಎರಡೂವರೆನಾ ಮೇಡಂ?" ಎಂದ. ಆದರೆ ಪುಣ್ಯಾತ್ಮ ಓಡಿಸಿದ ನೋಡಿ. ಮಾರತಹಳ್ಳಿಯಲ್ಲಿ ಗಲ್ಲಿಗೆ ನುಗ್ಗಿ, ಯಾರದೋ ಮನೆಯ ರಂಗೋಲಿ ತಪ್ಪಿಸಿ, ಮತ್ತೆ ರಿಂಗ್ ರೋಡಿಗೆ ಬಿದ್ದ. ಸಿಲ್ಕ್ ಬೋರ್ಡಿನಲ್ಲಿ ಎಲ್ಲವೂ ನಿಂತುಹೋಯಿತು. ನಾನು ತಡೆಯಲಾರದೆ ಅವನಿಗೆ ಇಡೀ ಕಥೆ ಹೇಳಿದೆ. ಅವನು ಪೂರ್ತಿ ಕೇಳಿ, "ಅಂದ್ರೆ ಆ ಗ್ಯಾಲಕ್ಸಿ ಇನ್ನೂ ವಯಸ್ಸಲ್ಲಿದೆ, ನೀವು ಮುದ್ಕಿ ಅಂದ್ಬಿಟ್ಟಿದ್ದೀರ?" ಎಂದ. ಹೌದಪ್ಪ ಎಂದೆ. "ನಮ್ಮನೆಯೋರ್ಗೆ ಯಾರಾದ್ರೂ ಹಂಗಂದಿದ್ರೆ ಬಿಡ್ತಿರ್ಲಿಲ್ಲ," ಎಂದು ಹಾರ್ನ್ ಒತ್ತಿ ಹಿಡಿದ. ತಲೆಯ ಮೇಲೆ ಫ್ಲೈಓವರಿನಲ್ಲಿ ಕಾರುಗಳು ಸುಂಯ್ ಎಂದು ಹೋಗುತ್ತಿದ್ದವು, ಕೆಳಗಿನ ರಸ್ತೆಯಲ್ಲಿ ನಾವು ಸರ್ಕಸ್ ಮಾಡುತ್ತಿದ್ದೆವು. ನನಗೆ ಭಯ, ಗಾಬರಿ, ಅದರ ಜೊತೆಗೇ ಉಕ್ಕಿಬರುವ ನಗು. ಕ್ಯಾಂಪಸ್ಸಿನ ಗೇಟು ಮುಟ್ಟಿದಾಗ ಎರಡು ಮೂವತ್ತೈದು.

ಗೇಟಿನಲ್ಲಿದ್ದ ಸೆಕ್ಯೂರಿಟಿಯವನ ಎದೆಯ ಮೇಲೆ ಬಸವರಾಜ ಎಂದು ಹೆಸರಿತ್ತು. ಕೊಪ್ಪಳದ ಕಡೆಯ ಮಾತು. "ನಿಮ್ಮ ಹೆಸರ ಲಿಸ್ಟಿನ್ಯಾಗ ಇಲ್ರೀ ಅಕ್ಕಾರ. ಹೊರಗಿನ ತಿಂಡಿ ಬಿಡಂಗಿಲ್ರೀ," ಎಂದ. ಆಮೇಲೆ ಗಾಳಿಯನ್ನು ಮೂಸಿದ. "ಮಿರ್ಚಿ? ನಮ್ಮ ಕಡೀ ಮಿರ್ಚಿ ವಾಸ್ನಿ ಐತಲ್ರೀ!"

"ತಿನ್ನೋಕಲ್ಲಪ್ಪ, ತಪ್ಪು ಒಪ್ಕೊಳ್ಳೋಕೆ," ಎಂದು ಒಂದೇ ಉಸಿರಿನಲ್ಲಿ ಹೇಳಿದೆ. ಅವನು ಏನು ಅರ್ಥ ಮಾಡಿಕೊಂಡನೋ, ಗಂಭೀರವಾಗಿ ಇಂಟರ್‌ಕಾಮ್ ಎತ್ತಿ ಸಭಾಂಗಣಕ್ಕೆ ಹಚ್ಚಿದ. "ಸಾರ್, ಇಲ್ಲೊಬ್ರು ಅಕ್ಕಾರು ಬಂದಾರ್ರೀ. ಗ್ಯಾಲಕ್ಸಿದು ಒಂದು ಗೆರಿ ಅಳಿಸಿ ಬಿಟ್ಟಾರಂತ. ಈಗ ವಾಪಸ್ ಕೊಡಾಕ ಬಂದಾರ. ಒಳಗ ಬಿಡ್ಲೇನ್ರೀ?" ಆ ಕಡೆಯವರು ಫೋನನ್ನು ಇನ್ನೊಬ್ಬರ ಕೈಗೆ ಕೊಟ್ಟರು. ಕೊನೆಗೆ ಮೂರ್ತಿ ಸಾರ್ ದನಿ ಇಷ್ಟು ದೂರಕ್ಕೂ ಕೇಳಿಸಿತು: "ಬಿಡಿ! ಬಿಡಿ!"

ಸಭಾಂಗಣದ ಬಾಗಿಲು ತಳ್ಳಿದಾಗ ತಬಸ್ಸುಮ್ ವೇದಿಕೆಯ ಮೇಲಿದ್ದಳು. ಹಿಂದೆ ಪರದೆಯಲ್ಲಿ ನನ್ನ ಗ್ರಾಫು, ನಾನು ತೊಳೆದು ಫಳಫಳ ಹೊಳೆಯಿಸಿದ್ದು. ಮೂರ್ತಿ ಸಾರ್ ಗೋಡೆಯ ಫೋನಿನ ಪಕ್ಕದಲ್ಲಿ ನಿಂತಿದ್ದರು. ಎಲ್ಲರೂ ತಿರುಗಿ ನೋಡಿದರು. ಎಣ್ಣೆ ಸೋರಿದ ಪೊಟ್ಟಣ ಎದೆಗೆ ಅವುಚಿಕೊಂಡ, ಕೂದಲು ಕೆದರಿದ ಮುದುಕಿ. ನಾನು ನೇರ ವೇದಿಕೆಯ ಬುಡಕ್ಕೆ ಹೋಗಿ ಕನ್ನಡದಲ್ಲೇ ಹೇಳಿದೆ: "ತಬಸ್ಸುಮ್, ಅದು ಅಜ್ಜಿ ಅಲ್ಲ ಕಣಮ್ಮ. ನಾನು ಕಿತ್ತಿದ್ದು ಮುಳ್ಳಲ್ಲ, ಗೆರೆ. ಕಚ್ಚಾದಲ್ಲಿ ಓರೆಯಾಗಿದೆ."

ಅವಳ ಮುಖದ ಬಣ್ಣ ಹೋಯಿತು. "ಪಕ್ಕಾನಾ ಮೇಡಂ?"

"ಒಂದೇ ಚಿತ್ರ ಇರೋದು, ಪಕ್ಕಾ ಅಂತ ಹೇಳೋಕಾಗಲ್ಲ. ಆದ್ರೆ ನನ್ ಕಣ್ಣು ಹಾಗೇ ಹೇಳತ್ತೆ. ಹೋದ ಸಲ ಕಣ್ಣಲ್ಲ, ಜಂಬ ಹೇಳಿದ್ದು."

ಒಂದು ವರ್ಷದ ಕೆಲಸ. ನಾನು ಬರದಿದ್ದರೆ ಇನ್ನು ಹತ್ತು ನಿಮಿಷದಲ್ಲಿ ಚಪ್ಪಾಳೆ ಬೀಳುತ್ತಿತ್ತು. ಆ ಹುಡುಗಿ ಕಣ್ಣು ಮುಚ್ಚಿ ಒಮ್ಮೆ ಉಸಿರೆಳೆದುಕೊಂಡಳು, ಕೈ ಚಾಚಿ ನನ್ನಿಂದ ಪೆನ್‌ಡ್ರೈವ್ ತೆಗೆದುಕೊಂಡಳು, ಕಚ್ಚಾ ಚಿತ್ರವನ್ನು ಪರದೆಯ ಮೇಲೆ ಹಾಕಿದಳು. ಇಂಗ್ಲಿಷಿನಲ್ಲಿ, ನಡುಗದ ದನಿಯಲ್ಲಿ ಹೇಳಿದಳು: ನಾನು ಇಲ್ಲಿಯವರೆಗೆ ಹೇಳಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ, ಈ ಗ್ಯಾಲಕ್ಸಿಯಲ್ಲಿ ನಕ್ಷತ್ರಗಳು ಹುಟ್ಟುತ್ತಿರಬಹುದು, ಇದನ್ನು ಓದಿದವರು ಈಗಷ್ಟೇ ಬಂದು ತಿದ್ದಿದ್ದಾರೆ, ಮೂಲವನ್ನು ನೋಡದೆ ಎರಡನೆಯ ಸಹಿ ಹಾಕಿದವಳು ನಾನು. ಸಭೆಯಲ್ಲಿ ಗುಜುಗುಜು ಎದ್ದಿತು. ಮುಂದಿನ ಸಾಲಿನ ಬಿಳಿಗೂದಲಿನ ಅತಿಥಿಯೊಬ್ಬರು ಎದ್ದು ಪರದೆಯ ಹತ್ತಿರ ಹೋಗಿ ಆ ಓರೆ ಗೆರೆಯನ್ನು ಮೂಗು ತಾಗುವಷ್ಟು ಹತ್ತಿರದಿಂದ ನೋಡಿದರು. ತಿರುಗಿ, ಸೂಪರ್‌ನೋವಾ ಆರಿಹೋದ ಮೇಲೆ ಗ್ಯಾಲಕ್ಸಿಯನ್ನು ಮಾತ್ರ ಇನ್ನೊಮ್ಮೆ ನೋಡಲು ಒಂದು ಸರದಿ ಕೊಡೋಣ, ಯಾರು ಸರಿ ಎಂದು ಗ್ಯಾಲಕ್ಸಿಯೇ ಹೇಳಲಿ ಎಂದರು. ಕಟ್ಟಳೆಯಂತೆ ಹೊರಗೆ ಹುಲ್ಲಿನ ಮೇಲೆ ನಿಂತು ಎಲ್ಲರಿಗೂ ಮಿರ್ಚಿ ಹಂಚಿದೆ. ಬಿಳಿಗೂದಲಿನವರು ಎರಡು ಬಾಟಲಿ ನೀರು ಕುಡಿದರು. ಬಸವರಾಜನಿಗೆ ಎರಡು ಹೆಚ್ಚಿಗೆ ಕೊಟ್ಟೆ.

ಮರುದಿನ ನನ್ನ ಬೀಳ್ಕೊಡುಗೆ. ಸರೋಜ ಫಲಕದ ಮೇಲೆ 'ತರದ' ಎಂಬುದನ್ನು ಮಾರ್ಕರಿನಲ್ಲಿ ಹೊಡೆದು 'ತಂದ' ಎಂದು ಬರೆದು ಕೊಟ್ಟಳು. ತಬಸ್ಸುಮ್ ಎರಡನೆಯ ಸಹಿಯ ತಪ್ಪಿಗೆ ಒಂದು ಪೊಟ್ಟಣ ತಂದಳು. ಅವಳ ಹಿಂದೆಯೇ ಮೂರ್ತಿ ಸಾರ್ ಇನ್ನೊಂದು ಪೊಟ್ಟಣ ಹಿಡಿದು ಬಂದರು. "ಆ ಫೈಲ್ ಮುಚ್ಚಿದ ದಿನ ಒಂದು ಮಾತು ಕೇಳಬೇಕಿತ್ತು, ಕೇಳ್ಲಿಲ್ಲ," ಎಂದರು. ಯಾವ ಮಾತು ಎಂದು ನಾವು ಯಾರೂ ಕೇಳಬೇಕಾಗಿರಲಿಲ್ಲ. ಮನೆಗೆ ಹೋಗುವಾಗ ಎಲ್ಲರ ಕಣ್ಣೂ ಕೆಂಪಗಿತ್ತು, ಅದು ಬರೀ ಖಾರಕ್ಕಲ್ಲ.

ಆಮೇಲೆ ತಿಂಗಳುಗಟ್ಟಲೆ ಕಾದೆ. ಮನೆಯಲ್ಲಿ ಕೂತು ಟೊಮೆಟೊ ಹೆಚ್ಚುವಾಗಲೂ ಅದೇ ಯೋಚನೆ. ಈಗ ನಾನು ಹೇಳಿದ್ದೂ ತಪ್ಪಾಗಿದ್ದರೆ? ಅದು ಮುಳ್ಳೇ ಆಗಿದ್ದರೆ? ನನ್ನೊಬ್ಬಳ ಮಾತಿಗೆ ಆ ಹುಡುಗಿ ಎಲ್ಲರೆದುರು ತನ್ನ ಒಂದು ವರ್ಷವನ್ನು ಹಿಂದಕ್ಕೆ ತೆಗೆದುಕೊಂಡಿದ್ದಳು. ಫೋನ್ ಬಂದಾಗಲೆಲ್ಲ ಚಾಕು ಬಿಸಾಕಿ ಓಡುತ್ತಿದ್ದೆ, ನೋಡಿದರೆ ಗ್ಯಾಸ್ ಏಜೆನ್ಸಿಯವರು.

ಒಂದು ಬೆಳಿಗ್ಗೆ, ಹಾಲು ಉಕ್ಕುವ ಹೊತ್ತಿಗೆ, ತಬಸ್ಸುಮಳ ಸಂದೇಶ ಬಂತು. ಮೂರು ಕಚ್ಚಾ ಚಿತ್ರಗಳು. ಮೂರರಲ್ಲೂ ಅದೇ ಜಾಗದಲ್ಲಿ ಅದೇ ಗೆರೆ, ಅದೇ ಓರೆ. ಕೆಳಗೆ ಒಂದು ಸಾಲು: "ಮೇಡಂ, ತಾಯಿ ಮಕ್ಕಳು ಕ್ಷೇಮ. ಮುಂದಿನ ವರ್ಷಕ್ಕೂ ಸಮಯ ಕೊಟ್ಟಿದ್ದಾರೆ."

ಹಾಲು ಉಕ್ಕಿ ಹೋಯಿತು. ಹೋಗಲಿ ಬಿಡಿ. ಚಪ್ಪಲಿ ಅದಲುಬದಲು ಹಾಕಿಕೊಂಡು ಕುಂದಲಹಳ್ಳಿಗೆ ನಡೆದೆ, ನಡೆದೆ ಎಂದರೆ ಓಡಿದೆ. ಗಿರಿಜಕ್ಕ ಆಗಷ್ಟೇ ಒಲೆ ಹಚ್ಚಿ ಹಿಟ್ಟು ಕಲ‌ಸುತ್ತಿದ್ದಳು. ನನ್ನನ್ನೂ ನನ್ನ ಕೈಯಲ್ಲಿದ್ದ ದೊಡ್ಡ ಖಾಲಿ ಚೀಲವನ್ನೂ ನೋಡಿ ಹಣೆ ಚಚ್ಚಿಕೊಂಡಳು.

"ಏನ್ರೀ ಬಾಯಾರ, ರಿಟೈರ್ ಆದಮ್ಯಾಲೂ ತಪ್ಪ ಮಾಡಾಕತ್ತೀರೇನ್ರೀ?"

"ಇಲ್ಲ ಗಿರಿಜಕ್ಕ. ಈ ಸಲ ಸರಿ ಮಾಡಿದೀನಿ."

ಅವಳು ಮೆಣಸಿನಕಾಯಿಯ ಬುಟ್ಟಿಯನ್ನು ಹತ್ತಿರ ಎಳೆದುಕೊಂಡಳು. ಸರಿ ಮಾಡಿದ್ದಕ್ಕೆ ಎಂಥ ಮೆಣಸಿನಕಾಯಿ ಹಾಕಬೇಕು ಎಂದು ಅವಳಿಗೆ ಇಷ್ಟು ವರ್ಷದಲ್ಲಿ ಯಾರೂ ಹೇಳಿರಲಿಲ್ಲ.

"ಹಂಗಾದ್ರ ಖಾರ ಕಡಿಮಿ ಮಾಡ್ಲೇನ್ರೀ?"

"ಬೇಡ," ಎಂದೆ, ಸೆರಗಿನಲ್ಲಿ ಕಣ್ಣು ಒರೆಸಿಕೊಳ್ಳುತ್ತ. "ಅಷ್ಟೇ ಇರ್ಲಿ."